ಗಣಕ ಜಾಲ: ಎಳೆ, ಗಂಟು, ಕವಲು

ಎರಡೋ ಅದಕ್ಕಿಂತ ಹೆಚ್ಚೋ ಗಣಕಗಳು ತಾಮ್ರದ ತಂತಿ, ಗಾಜಿನೆಳೆ ಇಲ್ಲವೇ ರೇಡಿಯೊ ಅಲೆಗಳ ಮೂಲಕ ಕೂಡಿಕೊಂಡು, ಮೊದಲೇ ಒಪ್ಪಿಕೊಂಡ ಕಟ್ಟಳೆಗಳ ಪ್ರಕಾರ ಮಾಹಿತಿಯನ್ನು ಕೊಟ್ಟು ತೆಗೆದುಕೊಳ್ಳುವ ಏರ್ಪಾಡಿಗೆ ಗಣಕ ಜಾಲ ಎಂದು ಹೆಸರು. ಆಡುಮಾತಿನಲ್ಲಿ ಇದು ನೆಟ್‌ವರ್ಕ್. ಜಾಲಕ್ಕೆ ಸೇರಿಕೊಂಡ ಪ್ರತಿಯೊಂದು ಸಾಧನವೂ ಒಂದು ನೋಡ್, ಅಂದರೆ ಗಂಟು. ಮೇಜಿನ ಮೇಲಿನ ಕಂಪ್ಯೂಟರಷ್ಟೇ ಅಲ್ಲ, ಪ್ರಿಂಟರ್, ಜೇಬಿನ ಮೊಬೈಲ್, ಅಂಗಡಿಯ ಸಿಸಿ ಕ್ಯಾಮೆರಾ, ಬ್ಯಾಂಕಿನ ಎಟಿಎಂ ಎಲ್ಲವೂ ಗಂಟುಗಳೇ. ಕೇಳುವ ಗಂಟು ಕ್ಲೈಂಟ್, ಕೇಳಿದ್ದನ್ನು ಒದಗಿಸುವ ಗಂಟು ಸರ್ವರ್.

ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ಕಾದವರಿಗೆ, ನಾಡಕಚೇರಿಯಲ್ಲಿ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಸಾಲು ನಿಂತವರಿಗೆ ‘ಸರ್ವರ್ ಇಲ್ಲ’ ಎಂಬ ಮಾತು ಹೊಸದಲ್ಲ. ಎಷ್ಟೋ ಸಲ ಸರ್ವರ್ ತನ್ನ ಪಾಡಿಗೆ ಇದ್ದಲ್ಲೇ ಇರುತ್ತದೆ. ಇಲ್ಲವಾಗಿರುವುದು ಅಲ್ಲಿಗೆ ಹೋಗುವ ದಾರಿ. ಆ ದಾರಿಯನ್ನು ಹೇಗೆ ಹಾಸಿದ್ದಾರೆ ಎಂಬುದಕ್ಕೆ ಜಾಲದ ವಿನ್ಯಾಸ ಅಥವಾ ಟೊಪಾಲಜಿ ಎನ್ನುತ್ತಾರೆ. ಪಠ್ಯಪುಸ್ತಕಗಳು ಇದನ್ನು ಚಿತ್ರ ಬರೆದು ಅಂಕ ಗಳಿಸುವ ಪಾಠವಾಗಿಸಿವೆ: ಒಂದು ಗೆರೆ, ಒಂದು ಉಂಗುರ, ಒಂದು ನಕ್ಷತ್ರ. ಆದರೆ ವಿನ್ಯಾಸದ ಗುಣ ತಿಳಿಯುವುದು ಆಕಾರದಿಂದಲ್ಲ. ಇಲ್ಲಿ ಒಂದೆಳೆ ಕಡಿದರೆ ಯಾರು ಯಾರು ಕತ್ತಲಲ್ಲಿ ಉಳಿಯುತ್ತಾರೆ ಎಂದು ಕೇಳಿದಾಗ ಅದು ತಿಳಿಯುತ್ತದೆ. ಈ ಲೇಖನ ಆ ಪ್ರಶ್ನೆಯನ್ನೇ ಹಿಡಿದು ಸಾಗುತ್ತದೆ.

ತುಂಡು ಮಾಡಿ ಕಳಿಸುವ ಉಪಾಯ

ಹಳೆಯ ಟೆಲಿಫೋನಿನಲ್ಲಿ ಹುಬ್ಬಳ್ಳಿಯವರು ಮೈಸೂರಿಗೆ ಟ್ರಂಕ್ ಕಾಲ್ ಮಾಡಿದರೆ, ಮಾತು ಮುಗಿಯುವವರೆಗೆ ನಡುವಿನ ಇಡೀ ದಾರಿ ಆ ಇಬ್ಬರಿಗೇ ಮೀಸಲು. ಅವರು ಸುಮ್ಮನಿದ್ದರೂ ದಾರಿ ಬೇರೆಯವರಿಗೆ ಸಿಗದು. ಗಣಕಗಳ ಮಾತು ಹಾಗಲ್ಲ. ಒಂದು ಕ್ಷಣ ಧಾರಾಕಾರ, ಆಮೇಲೆ ಬಹಳ ಹೊತ್ತು ಮೌನ. ಅವಕ್ಕೆ ದಾರಿ ಮೀಸಲಿಡುವುದು ದುಂದು. 1960ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಪಾಲ್ ಬ್ಯಾರನ್, ದಶಕದ ನಡುವೆ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡೊನಾಲ್ಡ್ ಡೇವಿಸ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಒಂದೇ ಉಪಾಯಕ್ಕೆ ಬಂದರು: ಮಾಹಿತಿಯನ್ನು ಸಣ್ಣ ತುಂಡುಗಳಾಗಿ ಒಡೆ, ಪ್ರತಿ ತುಂಡಿಗೂ ವಿಳಾಸ ಬರೆ, ಎಲ್ಲರ ತುಂಡುಗಳೂ ಒಂದೇ ದಾರಿಯಲ್ಲಿ ಸಾಲಾಗಿ ಹೋಗಲಿ. ಆ ತುಂಡಿಗೆ ‘ಪ್ಯಾಕೆಟ್’ ಎಂದು ಹೆಸರಿಟ್ಟವರು ಡೇವಿಸ್.

ಇಬ್ಬರ ಚಿಂತೆ ಬೇರೆ ಬೇರೆ ಇತ್ತು. ದುಬಾರಿ ಗಣಕಗಳನ್ನು ಹಲವರು ಹಂಚಿಕೊಂಡು ಬಳಸುವುದು ಹೇಗೆ ಎಂಬುದು ಡೇವಿಸ್ ಅವರದು. ಅಣುಬಾಂಬು ಬಿದ್ದು ಕೆಲವು ಕೇಂದ್ರಗಳು ನಾಶವಾದರೂ ಉಳಿದವುಗಳ ಸಂಪರ್ಕ ಹೇಗೆ ಉಳಿದೀತು ಎಂಬುದು ಬ್ಯಾರನ್ ಅವರದು. ಎಳೆ ಕಡಿದರೆ ಏನು ಗತಿ ಎಂಬ ಪ್ರಶ್ನೆ ಗಣಕ ಜಾಲಕ್ಕೆ ಹುಟ್ಟಿನಿಂದಲೇ ಅಂಟಿದ್ದು.

ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ಕಟ್ಟಿದ ಆರ್ಪಾನೆಟ್ ಜಾಲದಲ್ಲಿ 1969ರ ಅಕ್ಟೋಬರ್ 29ರ ರಾತ್ರಿ ಮೊದಲ ಸಂದೇಶ ಹರಿಯಿತು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ‘ಲಾಗಿನ್’ ಎಂಬ ಪದವನ್ನು ಒಂದೊಂದೇ ಅಕ್ಷರವಾಗಿ ಕಳಿಸಬೇಕಿತ್ತು. ‘ಎಲ್’ ಮತ್ತು ‘ಓ’ ತಲುಪಿದವು, ಮೂರನೆಯ ಅಕ್ಷರಕ್ಕೆ ಆ ಕಡೆಯ ಗಣಕ ಕುಸಿಯಿತು. ಆ ವರ್ಷ ಮುಗಿಯುವಷ್ಟರಲ್ಲಿ ಜಾಲದಲ್ಲಿ 4 ಗಂಟುಗಳಿದ್ದವು.

ಪ್ಯಾಕೆಟ್ ಎಷ್ಟು ದೊಡ್ಡದು? ಕಚೇರಿ, ಮನೆಗಳಲ್ಲಿ ಬಳಕೆಯಲ್ಲಿರುವ ಈಥರ್‌ನೆಟ್ ಜಾಲದಲ್ಲಿ ಒಂದು ಕಂತಿಗೆ ಸಾಮಾನ್ಯವಾಗಿ 1,500 ಬೈಟ್ ಮಿತಿ. ಮದುವೆಯ ಒಂದು ಫೋಟೊ 3 ಎಂಬಿ ಇದ್ದರೆ ಅದು ಸುಮಾರು 2 ಸಾವಿರ ತುಂಡಾಗಿ ಹೊರಡುತ್ತದೆ. ತುಂಡುಗಳು ಹಿಂದುಮುಂದಾಗಿ ಬರಬಹುದು, ಕೆಲವು ದಾರಿಯಲ್ಲಿ ಕಳೆದೂ ಹೋಗಬಹುದು. ತಲುಪಿದ ಕಡೆ ಅವನ್ನು ಲೆಕ್ಕಹಾಕಿ, ಕಡಿಮೆ ಬಿದ್ದದ್ದನ್ನು ಮತ್ತೆ ತರಿಸಿ, ಕ್ರಮವಾಗಿ ಪೋಣಿಸುತ್ತಾರೆ.

ವಿನ್ಯಾಸಗಳು

ಎಲ್ಲಕ್ಕಿಂತ ಸರಳವಾದದ್ದು ಬಸ್ ವಿನ್ಯಾಸ. ಒಂದೇ ಉದ್ದನೆಯ ಕೇಬಲ್, ಎಲ್ಲ ಗಣಕಗಳೂ ಅದಕ್ಕೇ ಕಚ್ಚಿಕೊಂಡಿರುತ್ತವೆ. 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ರೂಪಿಸಿದ ಈಥರ್‌ನೆಟ್ ಹುಟ್ಟಿದ್ದು ಹೀಗೆ. ಹವಾಯಿ ದ್ವೀಪಗಳ ನಡುವೆ ರೇಡಿಯೊ ಮೂಲಕ ಕಟ್ಟಿದ್ದ ಅಲೋಹಾ ಜಾಲ ಅದಕ್ಕೆ ಪ್ರೇರಣೆ. ಇಲ್ಲಿ ಮಾತಿನ ಸರದಿ ಹಂಚಲು ಯಜಮಾನನಿಲ್ಲ. ಮಾತಾಡುವ ಮುಂಚೆ ಕಿವಿಗೊಡಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ಸುಮ್ಮನಾಗಿ, ಒಬ್ಬೊಬ್ಬರು ಒಂದೊಂದು ಹೊತ್ತು ಕಾದು, ಮತ್ತೆ ಶುರು ಮಾಡಬೇಕು. ಊರಕಟ್ಟೆಯ ಹರಟೆಗೂ ಇದೇ ನಿಯಮ, ಅಲ್ಲಿ ಪಾಲಿಸುವವರು ಕಡಿಮೆ ಅಷ್ಟೆ.

ತೆಳು ಕೇಬಲಿನ ಈಥರ್‌ನೆಟ್ ಇದ್ದ ಕಾಲದ ಕಾಲೇಜು ಲ್ಯಾಬುಗಳಲ್ಲಿ ಪ್ರತಿ ಕಂಪ್ಯೂಟರಿನ ಬೆನ್ನಿಗೂ ‘ಟಿ’ ಅಕ್ಷರದಂಥ ಲೋಹದ ಜೋಡಣೆ ಇರುತ್ತಿತ್ತು. ಎಡಗೈಯಿಂದ ಬಂದ ಕೇಬಲ್ ಬಲಗೈಯಿಂದ ಪಕ್ಕದ ಕಂಪ್ಯೂಟರಿಗೆ. ಒಂದು ತುಂಡಿನ ಉದ್ದ ಹೆಚ್ಚೆಂದರೆ 185 ಮೀಟರ್. ಎರಡೂ ಕೊನೆಗೆ ಬೆರಳ ತುದಿಯಷ್ಟು ದೊಡ್ಡ ಟರ್ಮಿನೇಟರ್ ತಿರುಪಿರಬೇಕು, ಅದರೊಳಗೆ 50 ಓಮ್‌ನ ಒಂದು ರೋಧಕ. ಅದಿಲ್ಲದಿದ್ದರೆ ವಿದ್ಯುತ್ ಸಂಕೇತ ತುದಿಗೆ ಬಡಿದು, ಬೆಟ್ಟಕ್ಕೆ ಕೂಗಿದ ದನಿಯಂತೆ ಹಿಂದಿರುಗಿ, ಹೊಸ ಸಂಕೇತದೊಡನೆ ಕಲಸಿಹೋಗುತ್ತದೆ. ಕಸ ಗುಡಿಸುವಾಗ ಪೊರಕೆ ತಗುಲಿ ಒಂದು ಟಿ ಸಡಿಲವಾಯಿತೋ, ಇಡೀ ಸಾಲು ಸ್ತಬ್ಧ. ಯಾವುದು ಸಡಿಲವಾಗಿದೆ ಎಂದು ತಿಳಿಯಲು ಮೇಜಿನಡಿ ತೂರಿ ಒಂದೊಂದನ್ನೇ ಅಲುಗಿಸುತ್ತ ಹೋಗಬೇಕು. ಅಗ್ಗ ನಿಜ. ಆದರೆ ಒಬ್ಬರ ತಪ್ಪಿಗೆ ಎಲ್ಲರಿಗೂ ಶಿಕ್ಷೆ.

ಉಂಗುರ ವಿನ್ಯಾಸದಲ್ಲಿ ಗಂಟುಗಳು ಒಂದಕ್ಕೊಂದು ಕೈಹಿಡಿದು ಸುತ್ತು ಪೂರ್ತಿಮಾಡುತ್ತವೆ. ಐಬಿಎಂ 1985ರಲ್ಲಿ ಮಾರುಕಟ್ಟೆಗೆ ತಂದ ಟೋಕನ್ ರಿಂಗ್ ಇದರ ಪ್ರಸಿದ್ಧ ಮಾದರಿ. ಒಂಟಿ ಹಳಿಯ ರೈಲುಮಾರ್ಗದಲ್ಲಿ ದೊಡ್ಡ ಬಳೆಗೆ ಸಿಕ್ಕಿಸಿದ ಟೋಕನ್ ಡ್ರೈವರನ ಕೈಸೇರದೆ ಗಾಡಿ ಮುಂದಿನ ನಿಲ್ದಾಣಕ್ಕೆ ಹೊರಡುವಂತಿರಲಿಲ್ಲವಲ್ಲ, ಅದೇ ತತ್ವ ಇಲ್ಲಿಯದು. ಒಂದು ಪುಟ್ಟ ಟೋಕನ್ ಸುತ್ತುತ್ತಿರುತ್ತದೆ. ಅದು ಕೈಗೆ ಬಂದವರಿಗೆ ಮಾತ್ರ ಮಾತು. ಡಿಕ್ಕಿಯ ಭಯವಿಲ್ಲ, ಸರದಿ ಖಚಿತ. ತಾಂತ್ರಿಕವಾಗಿ ಈಥರ್‌ನೆಟ್ಟಿಗಿಂತ ಅಚ್ಚುಕಟ್ಟು ಎಂದೇ ಹೇಳಬೇಕು, ಆದರೂ ಗೆದ್ದದ್ದು ಅಗ್ಗದ ಈಥರ್‌ನೆಟ್. ಕಚೇರಿಗಳಲ್ಲಿ ಉಂಗುರ ಕಣ್ಮರೆಯಾಯಿತು. ಅದು ಸತ್ತಿತೆಂದು ಬರೆಯುವ ಪುಸ್ತಕಗಳಿವೆ, ಅದು ತಪ್ಪು. ದೂರಸಂಪರ್ಕ ಸಂಸ್ಥೆಗಳು ಊರೂರ ನಡುವೆ ಗಾಜಿನೆಳೆಯನ್ನು ಜೋಡಿ ಉಂಗುರವಾಗಿಯೇ ಹಾಸುತ್ತವೆ. ಒಂದು ಕಡೆ ಜೆಸಿಬಿ ಅಗೆದು ಎಳೆ ತುಂಡಾದರೆ, ಸಂಕೇತ ಸುತ್ತಿನ ಇನ್ನೊಂದು ಮಗ್ಗುಲಿಂದ ತಿರುಗಿ ಬರುತ್ತದೆ. ಹೀಗೆ ಹೊರಳಿಕೊಳ್ಳಲು 50 ಮಿಲಿಸೆಕೆಂಡ್ ಸಾಕೆಂಬುದು ಈ ಜಾಲಗಳಿಗೆ ಹಾಕಿಕೊಂಡ ಅಳತೆಗೋಲು. ಫೋನಿನಲ್ಲಿ ಮಾತಾಡುತ್ತಿದ್ದವರಿಗೆ ಒಂದು ‘ಟಿಕ್’ ಕೇಳಿಸಿದರೆ ಹೆಚ್ಚು.

ಇವತ್ತು ಯಾವ ಕಚೇರಿಗೆ ಹೋದರೂ ಕಾಣುವುದು ನಕ್ಷತ್ರ ವಿನ್ಯಾಸ. ನಡುವೆ ಒಂದು ಸ್ವಿಚ್, ಅದರಿಂದ ಒಬ್ಬೊಬ್ಬರ ಮೇಜಿಗೆ ಒಂದೊಂದು ಕೇಬಲ್. ಒಂದು ಕೇಬಲನ್ನು ಇಲಿ ಕಚ್ಚಿದರೆ ಒಬ್ಬರ ಕೆಲಸ ನಿಂತೀತು, ಉಳಿದವರಿಗೆ ಗೊತ್ತೂ ಆಗದು. ಸ್ವಿಚ್ಚೇ ಕೆಟ್ಟರೆ ಎಲ್ಲರೂ ಚಹಾಕ್ಕೆ ಎದ್ದು ಹೋಗಬಹುದು. ಇಲ್ಲಿ ಬಳಸುವ ನೀಲಿಯೋ ಬೂದುಬಣ್ಣವೋ ಆದ ಕೇಬಲನ್ನು ಸೀಳಿ ನೋಡಿದರೆ 8 ತಂತಿಗಳು, 4 ಜೋಡಿ. ಪ್ರತಿ ಜೋಡಿಯೂ ಜಡೆಯಂತೆ ಹೆಣೆದಿರುತ್ತದೆ, ಅದೂ ಒಂದೊಂದು ಜೋಡಿಯ ಹೆಣಿಗೆ ಒಂದೊಂದು ಬಿಗಿ. ಅಂದಕ್ಕಲ್ಲ. ಪಕ್ಕದ ಟ್ಯೂಬ್‌ಲೈಟೋ ಮೋಟಾರೋ ಹೊರಡಿಸುವ ಗೊಂದಲ ಎರಡೂ ತಂತಿಗಳ ಮೇಲೆ ಸಮವಾಗಿ ಬೀಳಲಿ, ಎರಡರ ವ್ಯತ್ಯಾಸ ತೆಗೆದಾಗ ಅದು ಕಳೆದುಹೋಗಲಿ ಎಂದು. ಕೇಬಲಿನ ತುದಿಗೆ ಪ್ಲಾಸ್ಟಿಕ್ ಪ್ಲಗ್ ಕೂರಿಸುವ ಹುಡುಗರಿಗೆ ಬಣ್ಣಗಳ ಸಾಲು ಮಗ್ಗಿಯಂತೆ ಬಾಯಿಪಾಠ: ಬಿಳಿ–ಕಿತ್ತಳೆ, ಕಿತ್ತಳೆ, ಬಿಳಿ–ಹಸಿರು, ನೀಲಿ, ಬಿಳಿ–ನೀಲಿ, ಹಸಿರು, ಬಿಳಿ–ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಕೂತಿರುವುದನ್ನು ಗಮನಿಸಬೇಕು. ಅಂದಕ್ಕೆಂದು ಎರಡು ಹಸಿರನ್ನೂ ಅಕ್ಕಪಕ್ಕ ಇಟ್ಟರೆ ಜೋಡಿ ಒಡೆದು, ಲೈನ್ ಇದ್ದೂ ಇಲ್ಲದಂತೆ ಕಾಟ ಕೊಡುತ್ತದೆ. ಈ ಕೇಬಲಿನ ಮಿತಿ 100 ಮೀಟರ್.

ನಕ್ಷತ್ರದ ನಡುವೆ ಮೊದಮೊದಲು ಕೂರುತ್ತಿದ್ದದ್ದು ಹಬ್ ಎಂಬ ಪೆಟ್ಟಿಗೆ. ಒಂದು ಕಡೆಯಿಂದ ಬಂದದ್ದನ್ನು ಎಲ್ಲ ಕಡೆಗೂ ಕೂಗಿ ಹೇಳುವುದಷ್ಟೇ ಅದಕ್ಕೆ ಗೊತ್ತು. ರೂಪ ನಕ್ಷತ್ರದ್ದು, ಬುದ್ಧಿ ಬಸ್ಸಿನದು. ಸ್ವಿಚ್ ಹಾಗಲ್ಲ. ಪ್ರತಿ ಜಾಲ ಸಾಧನಕ್ಕೂ ತಯಾರಿಕೆಯಲ್ಲೇ ಅಚ್ಚಾಗಿ ಬಂದ 48 ಬಿಟ್‌ನ ಮ್ಯಾಕ್ ವಿಳಾಸ ಇರುತ್ತದೆ. ಯಾವ ವಿಳಾಸ ಯಾವ ತೂತಿನ ಹಿಂದಿದೆ ಎಂದು ಸ್ವಿಚ್ ಕೇಳಿಸಿಕೊಂಡೇ ಕಲಿಯುತ್ತದೆ, ಆಮೇಲೆ ಅವರವರದನ್ನು ಅವರವರಿಗೆ ಮಾತ್ರ ಕೊಡುತ್ತದೆ. ತಂತಿ ಹಾಸಿದ ರೂಪ ಒಂದು, ಮಾಹಿತಿ ಹರಿಯುವ ರೀತಿ ಇನ್ನೊಂದು. ಇವೆರಡನ್ನೂ ಒಂದೆಂದು ತಿಳಿಯುವುದೇ ಈ ವಿಷಯದಲ್ಲಿ ವಿದ್ಯಾರ್ಥಿಗಳು ಮಾಡುವ ಮುಖ್ಯ ತಪ್ಪು.

ನಕ್ಷತ್ರಗಳನ್ನು ಒಂದಕ್ಕೊಂದು ಕೂಡಿಸುತ್ತ ಹೋದರೆ ಮರ. ಮನೆಗೆ ಫೈಬರ್ ಹಾಕಿಸಿಕೊಂಡವರೆಲ್ಲ ಈ ಮರದ ಎಲೆಗಳೇ. ಕಂಪನಿಯ ಕೇಂದ್ರದಿಂದ ಹೊರಟ ಒಂದೇ ಗಾಜಿನೆಳೆ ಬೀದಿಯ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಸ್ಪ್ಲಿಟರ್ ಎಂಬ ಭಾಗಕ್ಕೆ ಬರುತ್ತದೆ. ಅದಕ್ಕೆ ಕರೆಂಟ್ ಬೇಡ, ಬುದ್ಧಿಯೂ ಇಲ್ಲ. ಬಂದ ಬೆಳಕನ್ನು 8, 16 ಅಥವಾ 32 ಪಾಲು ಮಾಡಿ ಮನೆಮನೆಗೆ ಹಂಚುತ್ತದೆ. ಬೀದಿಯವರಿಗೆಲ್ಲ ಬರುವ ಬೆಳಕು ಒಂದೇ, ನಿಮ್ಮ ಮನೆಯ ಪೆಟ್ಟಿಗೆ ತನ್ನ ಪಾಲನ್ನಷ್ಟೇ ಆರಿಸಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲಿನ ‘ಲಾಸ್’ ದೀಪ ಕೆಂಪಗೆ ಮಿನುಗಿದರೆ ಬೆಳಕು ಬರುತ್ತಿಲ್ಲವೆಂದರ್ಥ. ಗಾಳಿಮಳೆಗೆ ಕೊಂಬೆ ಬಿದ್ದೋ, ಎತ್ತರದ ಲಾರಿ ಎಳೆದೋ ಎಲ್ಲೋ ಎಳೆ ಹೋಗಿದೆ. ಪಕ್ಕದ ಮನೆಯಲ್ಲೂ ಕೆಂಪಿದ್ದರೆ ಕಡಿದದ್ದು ಕೊಂಬೆ, ನಿಮ್ಮಲ್ಲಿ ಮಾತ್ರವಾದರೆ ಎಲೆಯ ತೊಟ್ಟು.

ಎಲ್ಲರಿಂದ ಎಲ್ಲರಿಗೂ ನೇರ ಎಳೆ ಇರುವುದು ಬಲೆ ವಿನ್ಯಾಸ ಅಥವಾ ಮೆಶ್. ಇದರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ, ಇದರಷ್ಟು ದುಬಾರಿಯಾದದ್ದೂ ಇಲ್ಲ. 5 ಗಂಟುಗಳಿಗೆ 10 ಎಳೆ ಸಾಕು, 50 ಗಂಟುಗಳಿಗೆ 1,225 ಬೇಕು. ಹಾಗಾಗಿ ದೊಡ್ಡ ಜಾಲಗಳಲ್ಲಿ ಪೂರ್ಣ ಬಲೆಯನ್ನು ಸಾಮಾನ್ಯವಾಗಿ ಯಾರೂ ನೇಯುವುದಿಲ್ಲ. ಮುಖ್ಯ ಗಂಟುಗಳ ನಡುವೆ ಎರಡು ಮೂರು ದಾರಿ ಇಟ್ಟು ಸುಮ್ಮನಾಗುತ್ತಾರೆ. ಇಂಟರ್‌ನೆಟ್ ಎಂಬುದು ಇಂಥ ಅರೆಬಲೆ.

ಎರಡು ದಾರಿ ಇರುವುದೂ ಒಂದು ತೊಂದರೆಯೇ. ಕಚೇರಿಯ ಸ್ವಿಚ್‌ಗಳ ನಡುವೆ ಸುತ್ತುದಾರಿ ಏರ್ಪಟ್ಟರೆ, ಎಲ್ಲರಿಗೂ ಎಂದು ಕೂಗಿದ ಒಂದು ಸಂದೇಶ ನಿಲ್ಲದೆ ಸುತ್ತಿ, ಪ್ರತಿ ಸುತ್ತಿಗೂ ಮರಿಹಾಕಿ, ಕ್ಷಣಮಾತ್ರದಲ್ಲಿ ಜಾಲವನ್ನೇ ಮುಳುಗಿಸುತ್ತದೆ. ಸಡಿಲ ಬಿದ್ದಿದ್ದ ಕೇಬಲಿನ ತುದಿಯನ್ನು ಒಳ್ಳೆಯ ಮನಸ್ಸಿನಿಂದ ಖಾಲಿ ತೂತಿಗೆ ಸಿಕ್ಕಿಸಿ ಕಚೇರಿಯನ್ನೇ ಮಲಗಿಸಿದವರು ಎಲ್ಲೆಡೆ ಇದ್ದಾರೆ. 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಇದಕ್ಕೆ ಪರಿಹಾರ ಕೊಟ್ಟರು. ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಬಲೆಯೊಳಗಿಂದ ಸುತ್ತಿಲ್ಲದ ಒಂದು ಮರವನ್ನು ಆರಿಸಿ, ಹೆಚ್ಚಿನ ಎಳೆಗಳನ್ನು ಮಲಗಿಸಿಡುತ್ತವೆ. ಬಳಕೆಯ ಎಳೆ ಕಡಿದಾಗ ಮಲಗಿದ್ದನ್ನು ಎಬ್ಬಿಸುತ್ತವೆ. ಈ ವಿಧಾನವನ್ನು ವಿವರಿಸಲು ಪರ್ಲ್‌ಮನ್ ಒಂದು ಪುಟ್ಟ ಪದ್ಯವನ್ನೂ ಬರೆದರು. ತಾಂತ್ರಿಕ ಪ್ರಬಂಧದಲ್ಲಿ ಪದ್ಯ ಸೇರಿದ್ದು ಅಪರೂಪದ ಸಂಗತಿ.

ವಿಳಾಸ ಮತ್ತು ದಾರಿ

ಜಾಲದ ಕೆಲಸವನ್ನು ಪದರಗಳಾಗಿ ವಿಂಗಡಿಸುವುದು ವಾಡಿಕೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1984ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ 7 ಪದರಗಳಿವೆ. ಪರೀಕ್ಷೆಗಳಲ್ಲಿ ಅದು ಬದುಕಿದೆ, ತಂತಿಯ ಮೇಲೆ ಓಡಾಡುವುದು ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರ ಪ್ರಬಂಧದಲ್ಲಿ ಬುನಾದಿ ಹಾಕಿದ ಟಿಸಿಪಿ/ಐಪಿ. ಆರ್ಪಾನೆಟ್ 1983ರ ಜನವರಿ 1ರಂದು ಇದಕ್ಕೆ ಬದಲಾಯಿತು. ಐಪಿ ಪ್ಯಾಕೆಟ್ಟನ್ನು ವಿಳಾಸದ ಕಡೆಗೆ ದೂಡುತ್ತದೆ, ತಲುಪಿಸುವ ಹೊಣೆ ಹೊರುವುದಿಲ್ಲ. ಲೆಕ್ಕ ಇಟ್ಟು, ಕಳೆದದ್ದನ್ನು ಮರುಕಳಿಸುವ ಹೊಣೆ ಟಿಸಿಪಿಯದು. ನಡುದಾರಿಯ ಯಂತ್ರಗಳು ಸರಳವಾಗಿರಲಿ, ಜಾಣತನ ಎರಡು ತುದಿಗಳಲ್ಲಿರಲಿ ಎಂಬ ಈ ತೀರ್ಮಾನವೇ ಇಂಟರ್‌ನೆಟ್ ಇಷ್ಟು ಹಬ್ಬಲು ಕಾರಣ.

ಮೊದಲ ಐಪಿ ವಿಳಾಸಗಳು 32 ಬಿಟ್‌ನವು, ಒಟ್ಟು ಸುಮಾರು 430 ಕೋಟಿ. ಸಾಲದೆ ಬಂತು: ಜಾಗತಿಕ ಭಂಡಾರದ ಕೊನೆಯ ಕಂತುಗಳು 2011ರ ಫೆಬ್ರುವರಿ 3ರಂದು ಹಂಚಿಕೆಯಾದವು. 128 ಬಿಟ್‌ನ ಹೊಸ ವಿಳಾಸಗಳಿಗೆ ದಾಟುವುದು ಇನ್ನೂ ನಡೆದೇ ಇದೆ. ಅಲ್ಲಿಯವರೆಗೆ ಒಂದು ಜುಗಾಡು: ಧಾರವಾಡದ ಮನೆಯ ಲ್ಯಾಪ್‌ಟಾಪಿಗೂ ಹಾಸನದ ಮನೆಯ ಟಿವಿಗೂ 192.168.1.5 ಎಂಬ ಒಂದೇ ಒಳವಿಳಾಸ ಇರಬಹುದು. ಹೊರಗೆ ಹೋಗುವಾಗ ಮನೆಯ ರೌಟರ್, ಅಂದರೆ ಒಂದು ಜಾಲದಿಂದ ಇನ್ನೊಂದಕ್ಕೆ ಪ್ಯಾಕೆಟ್ಟು ದಾಟಿಸುವ ಪೆಟ್ಟಿಗೆ, ಒಳವಿಳಾಸ ಅಳಿಸಿ ಹೊರವಿಳಾಸ ಬರೆಯುತ್ತದೆ, ಉತ್ತರ ಬಂದಾಗ ತಿರುವುಮುರುವು ಮಾಡುತ್ತದೆ.

ಮೈಸೂರಿನಲ್ಲಿ ಕುಳಿತು ಕನ್ನಡ ವಿಕಿಪೀಡಿಯ ತೆರೆದವರ ಪ್ಯಾಕೆಟ್ಟಿನ ಬೆನ್ನು ಹತ್ತೋಣ. ಯಂತ್ರಕ್ಕೆ ಹೆಸರು ತಿಳಿಯದು, ಅಂಕಿ ಬೇಕು. ಹೆಸರನ್ನು ಅಂಕಿಯಾಗಿಸಿ ಕೊಡುವ ಡಿಎನ್ಎಸ್ ವ್ಯವಸ್ಥೆಯನ್ನು 1983ರಲ್ಲಿ ರೂಪಿಸಿದವರು ಪಾಲ್ ಮೊಕಪೆಟ್ರಿಸ್. (ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಯಾಗುವ ಹೆಸರುಗಳೂ ಈಗ ಈ ವ್ಯವಸ್ಥೆಯಲ್ಲಿವೆ, ಬಳಸುವವರು ವಿರಳ.) ಅಂಕಿ ಸಿಕ್ಕ ಮೇಲೆ ಪ್ಯಾಕೆಟ್ ಮನೆಯ ರೌಟರ್ ದಾಟಿ, ಕಂಬದ ಪೆಟ್ಟಿಗೆಯಲ್ಲಿ ಹಾದು, ಸೇವಾ ಕಂಪನಿಯ ರೌಟರುಗಳ ಕೈಯಿಂದ ಕೈಗೆ ಸಾಗುತ್ತದೆ. ಯಾವ ರೌಟರಿಗೂ ಇಡೀ ದಾರಿ ಗೊತ್ತಿಲ್ಲ. ‘ಮುಂದಿನ ವೃತ್ತದಲ್ಲಿ ಕೇಳಿ’ ಎಂದು ದಾರಿ ತೋರಿಸುವ ಊರವರಂತೆ, ಮುಂದಿನ ಒಂದು ಹೆಜ್ಜೆ ಮಾತ್ರ ಗೊತ್ತು. ವಿಕಿಮೀಡಿಯಾ ಸಂಸ್ಥೆ 2018ರಿಂದ ಸಿಂಗಪುರದಲ್ಲಿ ಸರ್ವರುಗಳನ್ನು ಇಟ್ಟುಕೊಂಡಿರುವುದರಿಂದ ನಮ್ಮ ಕಡೆಯ ಓದುಗರ ಪ್ಯಾಕೆಟ್ಟುಗಳು ಸಾಮಾನ್ಯವಾಗಿ ಅಲ್ಲಿಂದಲೇ ಹಿಂದಿರುಗುತ್ತವೆ. ಗಾಜಿನೆಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸರ್ವರ್ ಅಮೆರಿಕದಲ್ಲಿದ್ದರೆ ಲೆಕ್ಕವೇ ಬೇರೆ: ಬೆಂಗಳೂರಿನಿಂದ ಅಲ್ಲಿನ ಪೂರ್ವ ಕರಾವಳಿಗೆ ನೇರಗೆರೆ ಎಳೆದರೂ 13 ಸಾವಿರ ಕಿ.ಮೀ. ಮೀರುವುದರಿಂದ, ಹೋಗಿ ಬರಲು 130 ಮಿಲಿಸೆಕೆಂಡಿಗಿಂತ ಕಡಿಮೆ ಹಿಡಿಯುವಂತೆ ಮಾಡಲು ಯಾವ ಕಂಪನಿಯಿಂದಲೂ ಆಗದು. ಸರ್ವರನ್ನು ಓದುಗರ ಹತ್ತಿರ ತಂದಿಡುವುದೊಂದೇ ದಾರಿ.

ವ್ಯಾಪ್ತಿ

ಕಟ್ಟಡದೊಳಗಿನದು ಲ್ಯಾನ್, ನಗರದಗಲದ್ದು ಮ್ಯಾನ್, ಅದಕ್ಕೂ ದೊಡ್ಡದು ವ್ಯಾನ್. ಇಷ್ಟು ಹೇಳಿದರೆ ವರ್ಗೀಕರಣ ಮುಗಿಯಿತು. ವೈಫೈ ಎಂಬುದು ತಂತಿಯಿಲ್ಲದ ಲ್ಯಾನ್. ಅದರ ಮೊದಲ ಮಾನಕ 1997ರದು.

ಕರ್ನಾಟಕದಲ್ಲಿ ದೂರಜಾಲದ ಕತೆ ಆಕಾಶದಿಂದ ಶುರುವಾಗುತ್ತದೆ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದ ಮೂಲಕ ಅಮೆರಿಕದ ಕಚೇರಿಯೊಡನೆ ಕೆಲಸ ಹಂಚಿಕೊಂಡಿತು. ಮರುವರ್ಷ ಶುರುವಾದ ಅರ್ನೆಟ್ ಶಿಕ್ಷಣ–ಸಂಶೋಧನಾ ಜಾಲದ ಮೊದಲ 8 ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಂದಿನ ಮೋಡೆಮ್ಮಿನ ಕೀರಲು ದನಿ, ಅದು ಓಡುವಷ್ಟು ಹೊತ್ತೂ ಮನೆಯ ಫೋನ್ ಎಂಗೇಜ್ ಇರುತ್ತಿದ್ದದ್ದು ಹಿರಿಯರಿಗೆ ನೆನಪಿದ್ದೀತು. ಭೂಸ್ಥಿರ ಉಪಗ್ರಹ 36 ಸಾವಿರ ಕಿ.ಮೀ. ಎತ್ತರದಲ್ಲಿರುವುದರಿಂದ ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡ್ ಕಳೆಯುತ್ತಿತ್ತು. ಸಮುದ್ರದಡಿಯ ಗಾಜಿನೆಳೆಗಳು ಬಂದಮೇಲೆ ಆ ಕಾಯುವಿಕೆ ತಪ್ಪಿತು, ಬೇರೊಂದು ಭಯ ಬಂತು.

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿ ಎರಡು ದೊಡ್ಡ ಕೇಬಲುಗಳು ತುಂಡಾದವು. ಯುರೋಪಿನ ದಿಕ್ಕಿನ ಭಾರತದ ಸಂಪರ್ಕದ ದೊಡ್ಡ ಪಾಲು ಹೋಯಿತು. ಪ್ಯಾಕೆಟ್ಟುಗಳು ಪೂರ್ವಕ್ಕೆ ತಿರುಗಿ, ಪೆಸಿಫಿಕ್ ಸುತ್ತಿಕೊಂಡು ಹೋದವು. ಜಾಲ ಕುಂಟಿತು, ಸಾಯಲಿಲ್ಲ. ನಕ್ಷೆಯಲ್ಲಿ ಬಲೆಯಂತೆ ಕಂಡ ಕೇಬಲುಗಳು ಸಮುದ್ರದ ಒಂದೇ ಇಕ್ಕಟ್ಟಿನಲ್ಲಿ ಅಕ್ಕಪಕ್ಕ ಮಲಗಿದ್ದವು ಎಂಬುದು ಆಗ ಎಲ್ಲರಿಗೂ ತಿಳಿಯಿತು. 2021ರ ಅಕ್ಟೋಬರ್ 4ರ ರಾತ್ರಿ ಯಾವ ತಂತಿಯೂ ಕಡಿಯಲಿಲ್ಲ, ಆದರೂ ಫೇಸ್‌ಬುಕ್, ವಾಟ್ಸ್ಯಾಪ್ ಸುಮಾರು 6 ತಾಸು ಇಲ್ಲವಾದವು. ನಿರ್ವಹಣೆಯ ಒಂದು ತಪ್ಪು ಆದೇಶದಿಂದ ಕಂಪನಿಯ ಒಳಜಾಲ ಕಳಚಿ, ಅಲ್ಲಿಗೆ ಬರುವ ದಾರಿಗಳು ಜಗತ್ತಿನ ರೌಟರುಗಳ ಪಟ್ಟಿಯಿಂದಲೇ ಅಳಿಸಿಹೋಗಿದ್ದವು.

ಹಳ್ಳಿಗಳಿಗೆ ಗಾಜಿನೆಳೆ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಅದರ ಹೆಸರು ಭಾರತ್‌ನೆಟ್. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳನ್ನು ಮುಟ್ಟುವುದು ಗುರಿ. ಮೊದಲ ಹಂತದಲ್ಲಿ ಬ್ಲಾಕ್ ಕೇಂದ್ರದಿಂದ ಪಂಚಾಯಿತಿಗೆ ಎಳೆದದ್ದು ಒಂಟಿ ಎಳೆ. ರಸ್ತೆ ಅಗಲಿಸುವಾಗ, ನೀರಿನ ಪೈಪು ಹಾಕುವಾಗ ಎಲ್ಲಿ ಕಡಿದರೂ ಅದರಾಚೆಯ ಪಂಚಾಯಿತಿಗಳಿಗೆ ‘ಸರ್ವರ್ ಇಲ್ಲ’. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ತಿದ್ದುಪಡಿ ಯೋಜನೆಯಲ್ಲಿ ಈ ಎಳೆಗಳನ್ನು ಉಂಗುರವಾಗಿ ಹಾಸಬೇಕೆಂದು ನಿರ್ಧರಿಸಲಾಗಿದೆ. ಕಚೇರಿಗಳು ಕಿತ್ತೆಸೆದ ವಿನ್ಯಾಸ ಹಳ್ಳಿಗೆ ಬರುತ್ತಿರುವುದು ಸರಿಯಾದ ತೀರ್ಮಾನವೇ.

ಉಂಗುರ ಪಂಚಾಯಿತಿ ಕಚೇರಿಯವರೆಗೆ. ಅಲ್ಲಿಂದ ಮನೆಗೆ, ಅಂಗಡಿಗೆ ಬರುವುದು ಇನ್ನೂ ಒಂದೇ ಎಳೆ. ಅದಕ್ಕೆ ಬದಲಿ ದಾರಿ ಇಲ್ಲ. ಕಡಿದರೆ ಲೈನ್‌ಮನ್ ಏಣಿ ತರುವವರೆಗೆ ಕಾಯಬೇಕು.